ವೈನಿಗೆ ಬೆಟ್ಟದ ಹೆಸರಿದೆ, ನಮ್ಮ ಕಾಫಿಗೆ?

ನಾನು ಮೂಡಿಗೆರೆ ಕಡೆಯವನು. ಮನೆಯಲ್ಲಿ ಸಣ್ಣ ಕಾಫಿ ತೋಟ ಇದೆ. ಎಂಟು ವರ್ಷದಿಂದ ಇಟಲಿಯ ಟುರಿನ್‌ನಲ್ಲಿದ್ದೇನೆ. ಬರುವ ಮುಂಚೆ ವೈನ್ ಅಂದರೆ ನನಗೆ ಗೊತ್ತಿದ್ದದ್ದು ಎರಡೇ, ಕೆಂಪು ಮತ್ತು ಬಿಳಿ.

ಮೊದಲ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಮನೆ ಮಾಲೀಕರು ಲಾಂಗೆ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಕಾರಿನಿಂದ ಇಳಿದರೆ ಕಣಿವೆ ತುಂಬ ಮಂಜು. ಕೊಟ್ಟಿಗೆಹಾರದ ಬೆಳಗಿನ ಹಾಗೇ ಇತ್ತು. ಮಂಜಿಗೆ ಇಟಾಲಿಯನ್‌ನಲ್ಲಿ ನೆಬ್ಬಿಯಾ ಅಂತಾರೆ. ಅಲ್ಲಿನ ದ್ರಾಕ್ಷಿಗೆ ನೆಬ್ಬಿಯೋಲೊ ಅಂತ ಹೆಸರು ಬಂದದ್ದು ಅದರಿಂದಲೇ ಎಂದು ಹೇಳುತ್ತಾರೆ. ಅದು ನಿಧಾನಕ್ಕೆ ಹಣ್ಣಾಗುವ ದ್ರಾಕ್ಷಿ, ಮಂಜು ಬೀಳುವ ತನಕ ಬಳ್ಳಿಯಲ್ಲೇ ಇರುತ್ತದೆ.

ಆ ಬೆಟ್ಟಗಳ ಬರೋಲೊ ಎಂಬ ಕೆಂಪು ವೈನ್ ಮಾಡುವುದು ಈ ದ್ರಾಕ್ಷಿಯಿಂದ ಮಾತ್ರ. ಅಲ್ಲಿನ 11 ಊರುಗಳ ಎಲ್ಲೆ ದಾಟಿ ಬೆಳೆದದ್ದಕ್ಕೆ ಆ ಹೆಸರು ಹಾಕುವಂತಿಲ್ಲ. ಕೊಯ್ಲಿನ ನಂತರ 38 ತಿಂಗಳು ಕಾಯಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ಆ 11 ಊರುಗಳದ್ದೂ ಒಂದೇ ರುಚಿ ಅಲ್ಲ. ಲಾ ಮೊರ್ರಾದ್ದು ಮೃದು. ಸೆರ್ರಲುಂಗಾದ್ದು ಒಗರು ಜಾಸ್ತಿ, ವರ್ಷಗಟ್ಟಲೆ ಇಟ್ಟರೇನೇ ಹದಕ್ಕೆ ಬರುತ್ತದೆ. ನಡುವೆ ಇರುವುದು ಕೆಲವೇ ಕಿಲೋಮೀಟರ್, ಆದರೆ ಮಣ್ಣು ಬೇರೆ. ಮಾಲೀಕರು ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಗುಟುಕು ಕೊಟ್ಟರು. ನನಗೂ ವ್ಯತ್ಯಾಸ ತಿಳಿಯಿತು. ಆಮೇಲೆ ಬಾಟಲಿ ತಿರುಗಿಸಿ ಲೇಬಲ್ ತೋರಿಸಿದರು. ಊರಿನ ಹೆಸರಷ್ಟೇ ಅಲ್ಲ, ಯಾವ ಇಳಿಜಾರು ಅನ್ನುವುದೂ ಅಲ್ಲಿತ್ತು. ಕನ್ನುಬಿ, ಬ್ರುನಾತೆ, ಚೆರೆಕ್ವಿಯೊ, ಇವೆಲ್ಲ ನಮ್ಮಲ್ಲಿನ ಗದ್ದೆ, ತೋಟಗಳ ಹೆಸರಿದ್ದ ಹಾಗೆ.

ಪಕ್ಕದ ಬಾರ್ಬರೆಸ್ಕೊ ಊರಿನ ಕಥೆ ನನ್ನನ್ನು ಇನ್ನೂ ಜಾಸ್ತಿ ಹಿಡಿಯಿತು. ಅಲ್ಲಿನ ಸಣ್ಣ ಬೆಳೆಗಾರರಿಗೆ ಸುಮ್ನೆ ದ್ರಾಕ್ಷಿ ಮಾರಿ ಬದುಕುವುದು ಕಷ್ಟವಾಗಿತ್ತು. 1958ರಲ್ಲಿ ಊರಿನ ಪಾದ್ರಿ 19 ಬೆಳೆಗಾರರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಮೊದಲ ವೈನ್‌ಗಳನ್ನು ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಇವತ್ತಿಗೂ ಒಳ್ಳೆ ಫಸಲಿನ ವರ್ಷ ಒಂದೊಂದು ಇಳಿಜಾರಿನ ವೈನ್ ಬೇರೆ ಬೇರೆ ಬಾಟಲಿಗೆ ತುಂಬುತ್ತಾರೆ. ಫಸಲು ಕೈಕೊಟ್ಟ ವರ್ಷ ಎಲ್ಲವನ್ನೂ ಬೆರೆಸಿ, ಬರೀ ಬಾರ್ಬರೆಸ್ಕೊ ಅಂತ ಮಾರುತ್ತಾರೆ. ಆ ಇಳಿಜಾರಿನ ಹೆಸರಿಗೆ ತಕ್ಕ ಹಣ್ಣು ಬರದಿದ್ದರೆ ಹೆಸರು ಹಾಕುವುದಿಲ್ಲ. ಈ ಮಾತಿಗೆ ನನ್ನಲ್ಲಿ ತುಂಬಾ ಗೌರವ ಇದೆ.

ಇಟಲಿಯಲ್ಲಿ ಎಲ್ಲವೂ ಹೀಗೇ ಇದೆ ಎನ್ನುವಂತಿಲ್ಲ. 1986ರಲ್ಲಿ ಮೆಥನಾಲ್ ಎಂಬ ವಿಷದ ಮದ್ಯಸಾರ ಬೆರೆಸಿದ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು. ಪ್ರೊಸೆಕ್ಕೊ ಎಂಬ ನೊರೆ ಬರುವ ಬಿಳಿ ವೈನಿನ ವಿಷಯವೂ ನನಗೆ ಅಷ್ಟು ಹಿಡಿಸುವುದಿಲ್ಲ. ಅದು ಮೊದಲು ದ್ರಾಕ್ಷಿಯ ಹೆಸರು. 2009ರಲ್ಲಿ ದ್ರಾಕ್ಷಿಗೆ ಗ್ಲೆರಾ ಎಂದು ಹೆಸರಿಟ್ಟು, ಪ್ರೊಸೆಕ್ಕೊವನ್ನು ಜಾಗದ ಹೆಸರು ಮಾಡಿದರು. ತ್ರಿಯೆಸ್ತೆ ಹತ್ತಿರ ಆ ಹೆಸರಿನ ಊರು ಇದೆ, ನಿಜ. ಆದರೆ ಎಲ್ಲೆಯನ್ನು 9 ಪ್ರಾಂತ್ಯಗಳಿಗೆ ಹಿಗ್ಗಿಸಿದ ಮೇಲೆ ಅದು ಯಾವ ಮಣ್ಣಿನ ರುಚಿ ಹೇಳುತ್ತದೆ? ಸಿಸಿಲಿಯ ಎಟ್ನಾ ಕಡೆಯವರು ಈ ವಿಷಯದಲ್ಲಿ ಗಟ್ಟಿ. ಅಗ್ನಿಪರ್ವತದ ಒಂದೊಂದು ತುಂಡು ಜಾಗಕ್ಕೂ ಅಲ್ಲಿ ಹೆಸರಿದೆ, ಅದು ಬಾಟಲಿಗೂ ಬರುತ್ತದೆ.

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ನಮ್ಮ ಕಾಫಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಇಲ್ಲಿನ ಎಸ್ಪ್ರೆಸ್ಸೊ ಮೇಲಿನ ನೊರೆಗೆ, ಆ ಗಟ್ಟಿತನಕ್ಕೆ ರೊಬಸ್ಟಾ ಜಾತಿಯ ಕಾಫಿ ಬೇಕು. ಅದರಲ್ಲಿ ನಮ್ಮ ಕಡೆಯದ್ದೂ ಇದೆ. ಆದರೆ ಅಂಗಡಿಯಲ್ಲಿ ನಾನು ತಿರುಗಿಸಿ ನೋಡಿದ ಪೊಟ್ಟಣಗಳಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಎಂಬ ಹೆಸರು ಒಮ್ಮೆಯೂ ಸಿಗಲಿಲ್ಲ.

ಇದಕ್ಕೆ ಕಾರಣ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಬಂತು. ಬೆಳೆಗಾರರು ಅದರಿಂದ ಉಳಿದುಕೊಂಡರು, ಅದನ್ನು ಮರೆಯಬಾರದು. ಆದರೆ ಅದು 1990ರ ದಶಕದ ತನಕ ನಡೆಯಿತು. ಚೆನ್ನಾಗಿ ಮಾಡಿದವನ ಕಾಫಿಯೂ ಬೇರೆಯವರ ಕಾಫಿ ಜೊತೆ ಒಂದೇ ರಾಶಿ ಸೇರುತ್ತಿತ್ತು. ಹಾಗಿರುವಾಗ ತೋಟದ ಹೆಸರು ಯಾರಿಗೆ ಬೇಕಿತ್ತು? 2019ರಲ್ಲಿ ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗಿನ ಅರೇಬಿಕಾ ಕಾಫಿಗಳಿಗೆ ಜಿಐ, ಅಂದರೆ ಇಂಥ ಜಾಗದ್ದು ಎಂಬ ಅಧಿಕೃತ ಗುರುತು, ಸಿಕ್ಕಿತು. ಒಳ್ಳೆಯದೇ. ಆದರೆ ಮನೆಯಲ್ಲಿ ಈಗಲೂ ನಾವು ವಿಚಾರಿಸುವುದು ಇವತ್ತಿನ ರೇಟು ಎಷ್ಟು ಅಂತ ಮಾತ್ರ, ಅಲ್ವಾ?

ನಮ್ಮಲ್ಲಿ ಹೆಸರುಗಳಿಲ್ಲ ಅಂತ ಅಲ್ಲ. ಹಳ್ಳದ ತೋಟ, ಕೆರೆ ಮೇಲಿನ ತೋಟ, ಅತ್ತಿಮರದ ತೋಟ ಅಂತ ಅಪ್ಪ ಬಾಯಿ ತುಂಬ ಹೇಳುತ್ತಿದ್ದರು. ಅತ್ತಿಮರದ ತೋಟದ ಹಣ್ಣು ತಡವಾಗಿ ಕೆಂಪಾಗುತ್ತದೆ, ಬಾಯಿಗೆ ಹಾಕಿದರೆ ಸಿಹಿ ಜಾಸ್ತಿ. ಇದು ಮನೆಯವರಿಗೆಲ್ಲ ಗೊತ್ತು. ಕಣಕ್ಕೆ ಬಂದ ಮೇಲೆ ಮಾತ್ರ ಎಲ್ಲ ಒಂದೇ ರಾಶಿ.

ಕಳೆದ ವಾರ ತಮ್ಮನಿಗೆ ಫೋನ್ ಮಾಡಿ, ಈ ಸಲ ಅತ್ತಿಮರದ ತೋಟದ್ದನ್ನು ಬೇರೆ ಒಣಗಿಸು ಎಂದೆ. ಕೊಯ್ಯುವುದಕ್ಕೇ ಆಳು ಸಿಗುತ್ತಿಲ್ಲ, ಕಣದಲ್ಲಿ ಜಾಗವೂ ಇಲ್ಲ ಎಂದ. ಅವನ ಕಷ್ಟ ನನಗೆ ಗೊತ್ತು. ಎರಡೇ ಮೂಟೆ ಆದರೂ ಸಾಕು ಮಾರಾಯ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಟೆ ಮೇಲೆ ಏನಂತ ಬರೆಯಲಿ ಅಂತ ಕೇಳಿದ.