ಕಾರೇರಿದ ಸೈಕಲ್ಲು

ಭಾನುವಾರ ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಯಾರಾದರೂ ಇಳಿದು ಬಂದರೆ, ನಲವತ್ತು ದಾಟಿದ ಗಂಡಸೊಬ್ಬ 14 ಕಿಲೋ ತೂಗುವ ಸೈಕಲ್ಲನ್ನು ಕೂಸನ್ನು ಎತ್ತಿದಷ್ಟು ನಾಜೂಕಾಗಿ ಎತ್ತಿ ಕಾರಿನ ಬೆನ್ನಿಗೆ ಪಟ್ಟಿ ಬಿಗಿದು ಕಟ್ಟುತ್ತಿರುವುದನ್ನೂ, ನಿಜವಾದ ಕೂಸುಗಳೆರಡು ಪಕ್ಕದಲ್ಲಿ ನಿದ್ದೆಗಣ್ಣಿನಲ್ಲಿ ಹೆಲ್ಮೆಟ್ ಹಿಡಿದು ತೂಕಡಿಸುತ್ತಿರುವುದನ್ನೂ ನೋಡಬಹುದು. ಆ ಗಂಡಸು ನಾನು. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ನಾವು ಹೊರಟಿರುವುದು ಸೈಕಲ್ ಹೊಡೆಯಲು. ಅದಕ್ಕೆ ಮೊದಲು ನಂದಿಬೆಟ್ಟದ ತಪ್ಪಲಿನವರೆಗೆ ಸುಮಾರು 60 ಕಿಲೋಮೀಟರ್ ಕಾರು ಓಡಿಸಬೇಕು, ಸೂರ್ಯೋದಯ ನೋಡಲು ಹೊರಟ ಸಾವಿರಾರು ಕಾರುಗಳ ಸಾಲಿನಲ್ಲಿ ನಿಂತು ಸೂರ್ಯೋದಯವನ್ನು ಮುಂದಿನ ಕಾರಿನ ಹಿಂಗಾಜಿನಲ್ಲಿ ನೋಡಬೇಕು, ಆಮೇಲೆ ಸೈಕಲ್ಲನ್ನು ಬಿಚ್ಚಿ ಇಳಿಸಬೇಕು. ಬೆಂಗಳೂರಿನಲ್ಲಿ ಸೈಕಲ್ ಹವ್ಯಾಸವೆಂದರೆ ಬಹುಪಾಲು ಕಾರು ಓಡಿಸುವ ಹವ್ಯಾಸವೇ ಎಂಬುದು ನನಗೆ ಮದುವೆಯಾದ ಮೇಲೂ ತಿಳಿದಿರಲಿಲ್ಲ, ಮಕ್ಕಳಾದ ಮೇಲಷ್ಟೇ ತಿಳಿಯಿತು.

ಮೌಂಟನ್ ಬೈಕಿಂಗ್ ಎಂಬ ಈ ಗೀಳು ಬೆಳೆದದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಕೆಲವು ಪಡ್ಡೆ ಹುಡುಗರು ಗುಜರಿಗೆ ಹೋಗಬೇಕಾಗಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ, ಮಣ್ಣುದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಒಂದೇ ಇಳಿತಕ್ಕೆ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಪ್ರತಿ ಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ‘ರಿಪ್ಯಾಕ್’ ಎಂದೇ ಹೆಸರಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಪದಕದ ಕ್ರೀಡೆಯಾಗಿತ್ತು. ಗುಜರಿಯಿಂದ ಒಲಿಂಪಿಕ್ಸಿನವರೆಗೆ ಇಪ್ಪತ್ತೇ ವರ್ಷಗಳಲ್ಲಿ ತಲುಪಿದ ಈ ವಾಹನ ನಮ್ಮ ಬೇಸ್‌ಮೆಂಟಿನಿಂದ ಗೇಟಿನವರೆಗೆ ಉರುಳಿಕೊಂಡು ಹೋಗಲು ಮಾತ್ರ ಇನ್ನೂ ಅನುಮತಿಗೆ ಕಾಯುತ್ತಿದೆ.

ಮಕ್ಕಳಾಗುವ ಮೊದಲು ನಾನು ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದೆ. ಎರಡನೆಯವನು ಹುಟ್ಟಿದ ಮೇಲೆ ನನ್ನ ಹೆಂಡತಿ ಒಂದು ಒಪ್ಪಂದ ಮುಂದಿಟ್ಟಳು. “ನಿಮಗೆ ಭಾನುವಾರ ಏಳು ಗಂಟೆ ಬೆಟ್ಟ ಬೇಕು, ನನಗೆ ಏಳು ಗಂಟೆ ನಿದ್ದೆ ಬೇಕು. ಎರಡೂ ಆಗಲಿ. ಮಕ್ಕಳು ಬೆಟ್ಟದ ಪಾಲಿಗೆ.” ಇಷ್ಟು ನ್ಯಾಯವಾದ ಹಂಚಿಕೆಗೆ ತಕರಾರು ಎತ್ತುವ ಬಾಯಿ ನನಗಿರಲಿಲ್ಲ. ಅಂದಿನಿಂದ ನಾನು, ಮಕ್ಕಳು ಮೂವರೂ ಒಟ್ಟಿಗೆ ಹೋಗುತ್ತೇವೆ. ಕಳೆದ ಸಲ ಐದು ಗಂಟೆಗೆ ಗೇಟು ದಾಟಿದವರು ಹನ್ನೆರಡೂವರೆಗೆ ಮರಳಿದೆವು. ಅದರಲ್ಲಿ ಒಬ್ಬಳಿಗೆ ವಾಂತಿ, ಒಬ್ಬನಿಗೆ ಎರಡು ಸಲ ಚಡ್ಡಿ ಬದಲಾವಣೆ, ಮೂವರಿಗೂ ತಟ್ಟೆ ಇಡ್ಲಿ ಇವೆಲ್ಲ ಮುಗಿದು, ಪರಿಚಯದ ಸವಾರರೊಬ್ಬರು ಕರುಣೆಯಿಂದ ಮಕ್ಕಳನ್ನು ನೋಡಿಕೊಂಡಾಗ ನಾನು ಬೆಟ್ಟದ ಹಾದಿಯಲ್ಲಿ ಪೆಡಲು ತುಳಿದದ್ದು ಒಟ್ಟು ಹನ್ನೊಂದು ನಿಮಿಷ. ಅವರು ಹವ್ಯಾಸಿಗಳು, ನನ್ನನ್ನು ಸಾಗಾಣಿಕೆದಾರ ಎನ್ನಬೇಕು.

ಇಷ್ಟು ಕಷ್ಟ ಯಾಕೆ, ಮಕ್ಕಳಿಗೆ ಮನೆಯ ಹತ್ತಿರವೇ ಸೈಕಲ್ ಕಲಿಸಿ ನೀವೂ ಅವರೊಂದಿಗೇ ನಾಲ್ಕು ಸುತ್ತು ಹೊಡೆಯಬಾರದೇ ಎಂದು ಊರಿನಿಂದ ಬಂದ ನನ್ನ ಮಾವನವರು ಕೇಳಿದರು. ತಿಪಟೂರಿನ ಕಡೆಯವರು, ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು, ಮೊಣಕಾಲು ತರಚಿಸಿಕೊಂಡು, ಕೆರೆ ಏರಿಯ ಮೇಲೆ ಕಲಿತವರು. ಅವರ ಪ್ರಶ್ನೆ ಸರಳವಾಗಿತ್ತು. ಉತ್ತರ ಹುಡುಕಲು ನಾನು ತಿಂಗಳುಗಟ್ಟಲೆ ಅಲೆಯಬೇಕಾಯಿತು.

ಮೊದಲು ನಮ್ಮ ಅಪಾರ್ಟ್‌ಮೆಂಟನ್ನೇ ನೋಡಿದೆ. ಇದನ್ನು ಕೊಳ್ಳುವಾಗ ನಮಗೆ ಕೊಟ್ಟ ಹೊಳಪು ಕಾಗದದ ಪುಸ್ತಿಕೆಯ ಮುಖಪುಟದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೆಂಪು ಸೈಕಲ್ ತುಳಿಯುತ್ತ, ಹ್ಯಾಂಡಲಿಗೆ ಬಲೂನು ಕಟ್ಟಿಕೊಂಡು, ಮರಗಳ ನಡುವೆ ನಗುತ್ತ ಬರುತ್ತಿದ್ದಳು. ನನ್ನ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ಆ ಪುಸ್ತಿಕೆ ಕೈಗೆ ಸಿಕ್ಕಿ, “ಈ ಅಕ್ಕ ಯಾವ ಫ್ಲ್ಯಾಟಿನಲ್ಲಿದ್ದಾಳೆ?” ಎಂದು ಕೇಳಿದಳು. ಆ ಅಕ್ಕ ಈಗ ಇಲ್ಲಿದ್ದಿದ್ದರೆ ಅವಳ ತಂದೆಗೆ ಐನೂರು ರೂಪಾಯಿ ದಂಡ ಬೀಳುತ್ತಿತ್ತು. ಏಕೆಂದರೆ ನಮ್ಮ ನಿವಾಸಿಗಳ ಸಂಘವು ಎರಡು ಗಂಟೆಗಳ ಗಹನವಾದ ಚರ್ಚೆಯ ನಂತರ, ಕಾರುಗಳು ಹಿಮ್ಮುಖವಾಗಿ ಬರುವಾಗ ಮಕ್ಕಳಿಗೆ ತಗಲುವ ಅಪಾಯವಿರುವುದರಿಂದ ಮಕ್ಕಳ ಹಿತದೃಷ್ಟಿಯಿಂದ ಮಕ್ಕಳನ್ನು ಕಾರು ಓಡಾಡುವ ಜಾಗದಿಂದ ತೆರವುಗೊಳಿಸತಕ್ಕದ್ದು ಎಂಬ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿದೆ. ಕಾರುಗಳನ್ನು ನಿಧಾನವಾಗಿ ಓಡಿಸಿದರೆ ಹೇಗೆ ಎಂದು ನಾನು ಕೇಳಿದ್ದು ನಡಾವಳಿಯಲ್ಲಿ ‘ಇತರೆ’ ಎಂದು ದಾಖಲಾಗಿದೆ. ಸಭೆಯ ಕೊನೆಗೆ ಹಿರಿಯರೊಬ್ಬರು ಎದ್ದು, ಸಮಸ್ಯೆಯ ಹೃದಯಕ್ಕೇ ಕೈ ಹಾಕಿದರು: “ಅದೆಲ್ಲ ಸರಿ, ಮಗು ಬಂದು ಕಾರಿಗೆ ಗುದ್ದಿ ಗೀರಾದರೆ ಹೊಣೆ ಯಾರು?”

ಉದ್ಯಾನಕ್ಕೆ ಹೋದೆವು. ಬೆಂಗಳೂರಿನ ಉದ್ಯಾನದ ಬಾಗಿಲಲ್ಲಿರುವ ಫಲಕದಷ್ಟು ಕಟ್ಟುನಿಟ್ಟಾದ ಗದ್ಯ ಕನ್ನಡದಲ್ಲಿ ಬೇರೆಲ್ಲೂ ಇಲ್ಲ. ಹೂ ಕೀಳಬಾರದು, ಹುಲ್ಲಿನ ಮೇಲೆ ಕೂರಬಾರದು, ಚೆಂಡಾಟ ಆಡಬಾರದು, ಸೈಕಲ್ ತರಬಾರದು. ಮಾಡಬಹುದಾದದ್ದು ಏನೆಂಬುದನ್ನು ಓದುಗರ ಊಹೆಗೆ ಬಿಡಲಾಗಿದೆ. ಚಿಕ್ಕವನದು ಪೆಡಲೇ ಇಲ್ಲದ, ಕಾಲಿನಿಂದ ನೆಲ ಒದ್ದು ಹೋಗುವ ಬ್ಯಾಲೆನ್ಸ್ ಬೈಕು. ಪಕ್ಕದಲ್ಲಿ ಪುಟ್ಟ ಚಕ್ರ ಹಾಕಿಕೊಟ್ಟರೆ ಮಗು ಪೆಡಲು ತುಳಿಯುವುದನ್ನಷ್ಟೇ ಕಲಿಯುತ್ತದೆ, ಸೈಕಲ್ಲು ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿ ಸಮತೋಲ ಹಿಡಿಯುವ ಅಸಲಿ ವಿದ್ಯೆ ಬರುವುದಿಲ್ಲ. ಆದ್ದರಿಂದ ಮೊದಲು ಸಮತೋಲ, ಆಮೇಲೆ ಪೆಡಲು. ಹೊಸದೇನಲ್ಲ, 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮ್ಯಾನ್‌ಹೈಮಿನ ಬೀದಿಯಲ್ಲಿ ಓಡಿಸಿದ, ಸೈಕಲ್ಲಿನ ಮೂಲಪುರುಷನೆನ್ನಬಹುದಾದ ಯಂತ್ರಕ್ಕೂ ಪೆಡಲಿರಲಿಲ್ಲ. ಈ ವಾದವನ್ನು ನಾನು ಕಾವಲುಗಾರರ ಮುಂದೆ ಸವಿಸ್ತಾರವಾಗಿ ಮಂಡಿಸಿ, ಪೆಡಲಿಲ್ಲದ್ದು ಸೈಕಲ್ ಹೇಗಾದೀತು ಎಂದು ಕೇಳಿದೆ. ಅವರು ಕ್ಷಣ ಯೋಚಿಸಿ, “ಚಕ್ರ ಎರಡು ಅವೆ ಅಲ್ವಾ ಸ್ವಾಮಿ” ಎಂದರು. ಹಾಗಂತ ಉದ್ಯಾನದಲ್ಲಿ ಸೈಕಲ್ಲೇ ಇರಲಿಲ್ಲವೆಂದಲ್ಲ. ಮೂಲೆಯ ಬಯಲು ಜಿಮ್ಮಿನಲ್ಲಿ ಹಳದಿ ಹಸಿರು ಬಣ್ಣ ಬಳಿದ ಕಬ್ಬಿಣದ ಸೈಕಲ್ಲೊಂದನ್ನು ಸಿಮೆಂಟಿನಲ್ಲಿ ಹೂತು ನಿಲ್ಲಿಸಿದ್ದರು. ಪಂಚೆ ಕಟ್ಟಿದ ಅಜ್ಜ ಅದರ ಮೇಲೆ ಕೂತು ಎಲ್ಲಿಗೂ ಹೋಗದೆ ಪೆಡಲು ತುಳಿಯುತ್ತಿದ್ದರು. ಹೋಗುವ ಸೈಕಲ್ಲಿಗೆ ನಿಷೇಧ, ಹೋಗದ ಸೈಕಲ್ಲಿಗೆ ಸರ್ಕಾರಿ ಅನುದಾನ. ನನ್ನ ಮಗಳು ಅದನ್ನೂ ಹತ್ತಿ ನೋಡಿದಳು. ಕಾಲು ಎಟುಕಲಿಲ್ಲ.

ಇನ್ನುಳಿದದ್ದು ರಸ್ತೆ. ಗುಂಡಿಗಳ ಬಗ್ಗೆ ಬರೆಯಬಾರದೆಂದು ನಾನು ತೀರ್ಮಾನಿಸಿದ್ದೇನೆ, ಅದು ಈ ಊರಿನ ಅಂಕಣಕಾರರೆಲ್ಲರ ಅನ್ನ. ಒಂದು ಮಾತು ಮಾತ್ರ: 2024ರಲ್ಲಿ ಗುಂಡಿಗಳ ದೂರಿಗಾಗಿ ತಂದ ಆ್ಯಪಿಗೆ ‘ರಸ್ತೆ ಗುಂಡಿ ಗಮನ’ ಎಂದು ಹೆಸರಿಟ್ಟವರು ಯಾರೋ, ಅವರಿಗೆ ಭಾಷೆಯ ಮೇಲೆ ಅಪಾರ ಹಿಡಿತವಿದೆ. ಗಮನವೆಂದರೆ ಲಕ್ಷ್ಯ ಕೊಡುವುದೂ ಆಯಿತು, ಸುಮ್ಮನೆ ಹಾದುಹೋಗುವುದೂ ಆಯಿತು. ನನ್ನ ಆಸಕ್ತಿ ಇರುವುದು ತಗ್ಗಿನಲ್ಲಲ್ಲ, ಉಬ್ಬಿನಲ್ಲಿ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಎತ್ತರವಾಗಿ, ಆನೆಯ ಬೆನ್ನಿನಂತೆ ಮೆಲ್ಲಗೆ ಏರಿ ಇಳಿಯಬೇಕು. ನಮ್ಮ ಅಡ್ಡರಸ್ತೆಯ ಉಬ್ಬಿನ ಪಕ್ಕ ಮಗಳ ಜಾಮಿಟ್ರಿ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲನ್ನು ನಿಲ್ಲಿಸಿ ನೋಡಿದೆ; ಸ್ಕೇಲು ಮುಗಿಯಿತು, ಉಬ್ಬು ಮುಗಿಯಲಿಲ್ಲ. ಅಗಲವೋ, ಒಂದು ಮೊಳ. ನನ್ನ ಬೆಟ್ಟದ ಸೈಕಲ್ಲಿನ ಮುಂಗವಲಿನಲ್ಲಿರುವ ಸಸ್ಪೆನ್ಷನ್ ಕುಗ್ಗುವುದು 100 ಮಿಲಿಮೀಟರ್. ಅಂದರೆ ಬಂಡೆಗಲ್ಲುಗಳ ಮೇಲೆ ಹಾರಿ ಇಳಿಯಲೆಂದು ತಯಾರಾದ ಯಂತ್ರ ನಂದಿಬೆಟ್ಟಕ್ಕೆ ಸಾಕಾಗುತ್ತದೆ, ನಮ್ಮ ಅಡ್ಡರಸ್ತೆಗೆ ಸಾಲುವುದಿಲ್ಲ. 14 ಇಂಚು ಚಕ್ರದ, ಯಾವ ಸಸ್ಪೆನ್ಷನ್ನೂ ಇಲ್ಲದ ನನ್ನ ಮಗಳ ಸೈಕಲ್ಲಿನ ಪಾಡನ್ನು ಕೇಳುವುದೇ ಬೇಡ.

ಹಾಗೆಂದು ಸರ್ಕಾರ ಸೈಕಲ್ಲನ್ನು ಮರೆತಿದೆ ಎಂದು ಯಾರೂ ದೂರುವಂತಿಲ್ಲ. ಸೈಕಲ್ಲಿಗೆ ಸಿಕ್ಕಷ್ಟು ಸನ್ಮಾನ ಈ ನಗರದಲ್ಲಿ ಸಾಹಿತಿಗಳಿಗೂ ಸಿಕ್ಕಿಲ್ಲ. ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ವಿಶ್ವ ಬೈಸಿಕಲ್ ದಿನವಾದ ಜೂನ್ 3ರಂದು ಗಣ್ಯರು ಹೊಸ ಟೀ ಶರ್ಟ್ ತೊಟ್ಟು, ಮುಂದೊಂದು ಹಿಂದೊಂದು ಜೀಪಿನ ನಡುವೆ ಕ್ಯಾಮೆರಾ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಸೈಕಲ್ ತುಳಿಯುತ್ತಾರೆ. ದಾರಿಗಳನ್ನೂ ಮಾಡಿದ್ದಾರೆ. ಜಯನಗರದ ರಸ್ತೆಗಳಲ್ಲಿ ಹಿಂದೆಯೇ ಬಣ್ಣ ಬಳಿದು ಸೈಕಲ್ ಪಥ ಮಾಡಿದ್ದರು, ಅದರ ಮೇಲೆ ಕಾರುಗಳು ಅಂದವಾಗಿ ಸಾಲುಗಟ್ಟಿ ನಿಂತವು. 2020ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಸೈಕಲ್ಲಿಗೆಂದೇ ಗೂಟ ನೆಟ್ಟು ಪಥ ಮಾಡಿದರು, ಅದು ಮೆಟ್ರೊ ಕಾಮಗಾರಿಯ ಧೂಳಿನಲ್ಲಿ ಕರಗಿತು. 2025ರ ಸೆಪ್ಟೆಂಬರಿನಲ್ಲಿ ಇದ್ದ ಒಂದು ಪಾಲಿಕೆ ಐದಾಯಿತು. ಇನ್ನು ಮುಂದೆ ಸೈಕಲ್ ಪಥವೊಂದು ಕೆಂಗೇರಿಯ ಕಡೆಯಿಂದ ಹೊರಟು ವೈಟ್‌ಫೀಲ್ಡ್ ತಲುಪಬೇಕಾದರೆ ಎಷ್ಟು ಗಡಿಗಳಲ್ಲಿ ಕಡತ ಬದಲಿಸಬೇಕೆಂಬ ಲೆಕ್ಕವನ್ನು ಸಾಗಾಣಿಕೆದಾರನಾಗಿ ನಾನು ಆಗಾಗ ಹಾಕುವುದುಂಟು.

ನಮ್ಮ ಮನೆಯ ಮುಂದಿನ ಮುಖ್ಯರಸ್ತೆಯಲ್ಲೂ ಒಂದು ಸೈಕಲ್ ಪಥವಿದೆ. ಹಸಿರು ಬಣ್ಣದ ನೆಲದ ಮೇಲೆ ಬಿಳಿಯ ಸೈಕಲ್ಲಿನ ಚಿತ್ರ. ಅದರ ಮೇಲೆ ಈಚೆಯಿಂದ ಆಚೆಗೆ ಎಳನೀರಿನ ಗಾಡಿ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಯಾವುದೋ ಕಟ್ಟಡದ ಜಲ್ಲಿ ರಾಶಿ, ಇಸ್ತ್ರಿಯವರ ಬಂಡಿ, ಮಿಕ್ಕ ಜಾಗದಲ್ಲಿ ಕಾರುಗಳು. ಎರಡು ಕಾರುಗಳ ನಡುವಿನ ಸಂದಿಯಲ್ಲಿ ಚಿತ್ರದ ಸೈಕಲ್ಲಿನ ಹಿಂಚಕ್ರವೊಂದು ಮಾತ್ರ ಕಾಣುತ್ತದೆ. ಚಿಕ್ಕವನು ಅದನ್ನು ಚಪಾತಿ ಎಂದು ಭಾವಿಸಿದ್ದಾನೆ.

ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದ ಒಂದು ಸಂಜೆ, ಬೇಸ್‌ಮೆಂಟಿನಲ್ಲಿ ಕಾರು ಒರೆಸುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಇಡೀ ಬೆಂಗಳೂರಿನಲ್ಲಿ ನನ್ನ ಹೆಸರಿಗೆ ನೋಂದಣಿಯಾದ ಬಯಲು ನೆಲ ಎಂದರೆ ಕಾರು ನಿಂತಿರುವ ಈ ಚೌಕ ಮಾತ್ರ. ಟೇಪು ತಂದು ಅಳೆದೆ: ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಉಬ್ಬಿಲ್ಲ, ತಗ್ಗಿಲ್ಲ, ಮಳೆ ಬೀಳುವುದಿಲ್ಲ. ಕಾರೊಂದನ್ನು ಹೊರಗೆ ಒಯ್ದರೆ ಮಗಳು ಇಲ್ಲಿ ಸೈಕಲ್ ಕಲಿಯಬಹುದು. ಕಾರನ್ನು ಎಲ್ಲಿಗೆ ಒಯ್ಯುವುದು ಎಂಬ ಪ್ರಶ್ನೆಗೆ ನಗರವೇ ಉತ್ತರ ಸಿದ್ಧಪಡಿಸಿ, ಹಸಿರು ಬಣ್ಣ ಬಳಿದು ಇಟ್ಟಿತ್ತು.

ಅಂದಿನಿಂದ ದಿನಾ ಸಂಜೆ ಐದೂವರೆಗೆ ನಾನು ಕಾರನ್ನು ಹೊರತಂದು ಸೈಕಲ್ ಪಥದಲ್ಲಿ ನಿಲ್ಲಿಸುತ್ತೇನೆ. ಕಾರಿನ ಜಾಗದಲ್ಲಿ ಮಗಳು ಸೈಕಲ್ ಹೊಡೆಯುತ್ತಾಳೆ. ಐದು ಮೀಟರ್ ಹೋಗುವುದು, ಬ್ರೇಕು, ಇಳಿದು ತಿರುಗಿಸುವುದು, ಐದು ಮೀಟರ್ ಬರುವುದು. ಬ್ರೇಕಿನಲ್ಲಿ ಅವಳಷ್ಟು ಪಳಗಿದ ಸವಾರರು ಅವಳ ವಯಸ್ಸಿನಲ್ಲಿ ಬೇರಾರೂ ಇರಲಾರರು. ಮೂರನೆಯ ದಿನ ನಮ್ಮ ಸೆಕ್ಯುರಿಟಿಯವರು, ಯಾದಗಿರಿ ಕಡೆಯವರು, ಸಂಕೋಚದಿಂದ ಹತ್ತಿರ ಬಂದು, “ಸರ್, ಇದು ಕಾರ್ ನಿಲ್ಸೋ ಜಾಗ ಐತ್ರಿ. ಸೈಕಲ್ ಹೊಡ್ಯಾಕ ಹೊರಗ ರೋಡಿನ್ಯಾಗ ಜಾಗ ಮಾಡ್ಯಾರಲ್ರಿ” ಎಂದರು. ಅಲ್ಲಿ ಕಾರಿದೆ ಎಂದೆ. “ಯಾರದ್ರಿ?” ಎಂದು ಕೇಳಿದರು. ನಾನು ಟೈರಿನ ಗಾಳಿ ನೋಡುವವನಂತೆ ಬಗ್ಗಿದೆ.

ಮೊನ್ನೆ ಕತ್ತಲಾಗುವ ಹೊತ್ತಿಗೆ ಕಾರನ್ನು ಒಳತರಲು ಮಗಳೊಂದಿಗೆ ರಸ್ತೆಗೆ ಹೋದೆ. ನನ್ನ ಕಾರಿನ ಹಿಂದೆ ಹುಡುಗನೊಬ್ಬ ನಿಂತಿದ್ದ. ಬೆನ್ನಿಗೆ ಊಟ ತಲುಪಿಸುವ ಚೌಕದ ಚೀಲ, ಕೈಯಲ್ಲಿ ಹಳೆಯ ಸೈಕಲ್ಲು. ಆ ಪಥದಲ್ಲಿ ಸೈಕಲ್ ತುಳಿದು ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ಬಲಕ್ಕೆ ಬಸ್ಸುಗಳು ಒಂದರ ಹಿಂದೊಂದು ಬರುತ್ತಿದ್ದವು. ಅವನು ಸ್ವಲ್ಪ ಹೊತ್ತು ಕಾದು, ನನ್ನನ್ನಾಗಲಿ ಕಾರನ್ನಾಗಲಿ ನೋಡದೆ, ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲಿಗೇರಿಸಿ, ಫುಟ್‌ಪಾತ್ ಹತ್ತಿ, ಟ್ರಾನ್ಸ್‌ಫಾರ್ಮರಿನ ಪಕ್ಕದ ಸಂದಿಯಲ್ಲಿ ಅಡ್ಡಡ್ಡಲಾಗಿ ನುಸುಳಿ ಮುಂದೆ ಹೋದ. ಮಗಳು ಅವನು ಮರೆಯಾಗುವವರೆಗೆ ನೋಡುತ್ತಿದ್ದು, ನನ್ನ ಕೈ ಜಗ್ಗಿದಳು.

“ಅಪ್ಪಾ, ಆ ಅಣ್ಣ ಸೈಕಲ್ಲನ್ನ ಹೊತ್ಕೊಂಡೇ ಹೋಗ್ತಿದ್ದಾನಲ್ಲ, ಅವನ ಹತ್ರ ಕಾರಿಲ್ವಾ?”