ದೊಡ್ಡಮ್ಮನ ಬಿಸ್ಕತ್ ಡಬ್ಬಿ

ಹಾಸನದ ಆಸ್ಪತ್ರೆಯೊಂದರಲ್ಲಿ ದೊಡ್ಡಪ್ಪನ ಜೊತೆ ಹನ್ನೆರಡು ದಿನ ಇದ್ದು ಬಂದೆ. ಪ್ರಾಸ್ಟೇಟ್ ತೊಂದರೆ ಅಂತ ಯೂರಿನ್ ಪೈಪ್ ಹಾಕಿದ್ದರು. ಐದನೇ ದಿನ ಗಡಗಡ ನಡುಗುವ ಚಳಿಜ್ವರ. ಮೂತ್ರ ಕಲ್ಚರ್‌ಗೆ ಹೋಯಿತು. ರಿಪೋರ್ಟ್ ಬರಲು ಮೂರು ದಿನ. ಲ್ಯಾಬಿನಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಅಂತ ನೋಡಬೇಕಲ್ವಾ.

ಸಿಕ್ಕ ರೋಗಾಣು ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಕೆಳಗೆ ಬ್ಯಾಕ್ಟೀರಿಯಾ ಸಾಯಿಸುವ ಔಷಧಿಗಳ, ಅಂದರೆ ಆ್ಯಂಟಿಬಯಾಟಿಕ್‌ಗಳ ಪಟ್ಟಿ, ಪ್ರತಿಯೊಂದರ ಮುಂದೆ ಎಸ್ ಅಥವಾ ಆರ್. ಎಸ್ ಇದ್ದರೆ ಆ ಔಷಧಿ ನಾಟುತ್ತದೆ, ಆರ್ ಇದ್ದರೆ ಇಲ್ಲ. ಪಟ್ಟಿ ತುಂಬಾ ಆರ್. ಮಾಮೂಲಿ ಔಷಧಿ ನಾಟದಿದ್ದಾಗ ಕೊಡುವ ಮೆರೋಪೆನೆಮ್ ಮುಂದೆಯೂ ಆರ್. ಕೊನೆಗೆ ಕೊಲಿಸ್ಟಿನ್ ಶುರು ಮಾಡಿದರು. ಕಿಡ್ನಿಗೆ ಪೆಟ್ಟು ಅಂತ ಹಿಂದೆ ಮೂಲೆಗೆ ತಳ್ಳಿದ್ದ ಹಳೇ ಔಷಧಿ. ಬೇರೆ ದಾರಿ ಇಲ್ಲದೆ ಮತ್ತೆ ಕರೆದಿದ್ದಾರೆ. ಇದನ್ನು ಕೋಳಿಗೆ ತೂಕ ಬರಲಿ ಅಂತಲೂ ಹಾಕುತ್ತಿದ್ದರು! ಹಾಗೆ ಹಾಕುವುದನ್ನು ಸರ್ಕಾರ ನಿಷೇಧಿಸಿದ್ದು 2019ರಲ್ಲಿ.

ದೊಡ್ಡಪ್ಪ ಆಲೂಗಡ್ಡೆ ಬೆಳೆಯುವವರು. ಜ್ವರ ಇಳಿದ ದಿನ ಕೇಳಿದರು, "ಅಂಗಮಾರಿಗೆ ಒಂದೇ ಔಷಧಿ ಹೊಡೀತಾ ಇದ್ರೆ ಆಮೇಲೆ ಜಗ್ಗಲ್ವಲ್ಲ, ಹಂಗೇನಪ್ಪಾ ಇದು?"

ಹಂಗೇ ದೊಡ್ಡಪ್ಪ. ಆದರೆ ಇದು ಇನ್ನೂ ಕಿಲಾಡಿ. ಔಷಧಿಗೆ ಬಗ್ಗದ ಗುಟ್ಟನ್ನು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಬಳೆಯಲ್ಲಿಟ್ಟು ಪಕ್ಕದ ರೋಗಾಣುವಿಗೂ ದಾಟಿಸುತ್ತದೆ, ಅದು ಬೇರೆ ಜಾತಿಯದಾದರೂ ಸರಿ.

ನೆಂಟರೆಲ್ಲ "ಆಸ್ಪತ್ರೆಯವರೇ ಅಂಟಿಸಿದ್ದು" ಅಂದರು. ಇರಬಹುದು. ಪೈಪ್ ಹಾಕಿದಷ್ಟು ದಿನವೂ ಸೋಂಕಿನ ಭಯ ಇದ್ದೇ ಇರುತ್ತದೆ. ಆದರೆ ಹಾಗೆ ಅಂದವರಲ್ಲೇ ಒಬ್ಬರು ಮೂತ್ರದ ಚೀಲ ಸರಿಮಾಡಿ, ಕೈಯನ್ನೂ ತೊಳೆಯದೆ ಪಕ್ಕದ ಬೆಡ್ಡಿನ ಅಜ್ಜನಿಗೆ ಬಾಳೆಹಣ್ಣು ಸುಲಿದು ಕೊಟ್ಟಿದ್ದನ್ನು ನಾನೇ ನೋಡಿದೆ. ಸಂಕೋಚಕ್ಕೆ ಸುಮ್ನೆ ಕೂತಿದ್ದೆ.

ಮೆಡಿಕಲ್ ಶಾಪಿನ ಕಥೆಯೂ ಗೊತ್ತಿರುವುದೇ. 2014ರಿಂದ ಎಷ್ಟೋ ಆ್ಯಂಟಿಬಯಾಟಿಕ್‌ಗಳನ್ನು ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದೇ ಮಾರಬೇಕು ಅನ್ನುವ ನಿಯಮ ಇದೆ. ನಾವು ಹೋಗಿ ಕೇಳುವುದು "ಗಂಟಲು ನೋವು, ಪವರ್ ಜಾಸ್ತಿ ಇರೋದು ನಾಲ್ಕು ಕೊಡಿ" ಅಂತ. ಅದು ವೈರಸ್ ನೆಗಡಿಯಾಗಿದ್ದರೆ ಆ ನಾಲ್ಕೂ ದಂಡ, ಆ್ಯಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ ಒಳ್ಳೇ ತಾಲೀಮು.

ಡಿಸ್ಚಾರ್ಜ್ ಆಗಿ ಊರಿಗೆ ಬಂದ ಸಂಜೆ ದೊಡ್ಡಮ್ಮ ಮಾತ್ರೆ ಇಡುವ ಬಿಸ್ಕತ್ ಡಬ್ಬಿ ತೆಗೆದರು. ಹಿಂದೆ ಕೆಂಪು ಗೆರೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಅನ್ನುವ ಗುರುತು, ಇರುವ ಆ್ಯಂಟಿಬಯಾಟಿಕ್ ಶೀಟುಗಳನ್ನೆಲ್ಲ ಬೇರೆ ಮಾಡಿದೆ. ಏಳು ಸಿಕ್ಕವು. ಎಲ್ಲವೂ ಅರ್ಧಂಬರ್ಧ ನುಂಗಿ ಬಿಟ್ಟವು. ಅದರಲ್ಲಿ ಎರಡು, ಹೋದ ಮಳೆಗಾಲದಲ್ಲಿ ನಾನೇ ತಂದು ಬಿಟ್ಟುಹೋಗಿದ್ದು.