ಎರಿ ಹೊಲ ಯಾಕ ಬಿರಿತದ? ಇಂಗ್ಲಿಷ್ ಕ್ಲಾಸಿಗೆ ಈ ಒಂದು ಪ್ರಶ್ನೆ ಸಾಕು

ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಹತ್ತು ಸಾಲು ಬರೀರಿ ಅಂದರೆ ಹುಡುಗರು ಬರೀತಾರೆ. ಬಣ್ಣ ಕೆಂಪು, ಊರು ಹಾವೇರಿ ಜಿಲ್ಲೆಯಲ್ಲಿದೆ, ಮಾರುಕಟ್ಟೆ ದೊಡ್ಡದು. ಯಾವ ಸಾಲನ್ನು ಮೇಲೆ ಕೆಳಗೆ ಮಾಡಿದರೂ ಏನೂ ಕೆಡೋದಿಲ್ಲ. ಅದು ಮಾಹಿತಿ ಬರಹ. ಇಂಗ್ಲಿಷ್ ಕ್ಲಾಸಿನಲ್ಲಿ ನಾವು ಬರೆಸಬೇಕಾದ ಎಕ್ಸ್‌ಪ್ಲನೇಶನ್, ಅಂದರೆ ಕಾರಣ ಬಿಡಿಸಿ ಹೇಳುವ ವಿವರಣೆ, ಅಲ್ಲ. ಅದೇ ಕಾಯಿ ಅಷ್ಟು ಕೆಂಪಗಿದ್ದೂ ಯಾಕ ಖಾರ ಕಡಿಮೆ ಅಂತ ಕೇಳಿ ನೋಡಿ. ಬಣ್ಣಕ್ಕೆ ಕ್ಯಾಪ್ಸಾಂಥಿನ್, ಖಾರಕ್ಕೆ ಕ್ಯಾಪ್ಸೈಸಿನ್. ಈ ಕಾಯಿಯಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಇಷ್ಟನ್ನು ಹೇಳದೆ ಉತ್ತರ ಮುಗಿಯೋದೇ ಇಲ್ಲ.

ಹಂಗಾಗಿ ನನ್ನ ಮೊದಲ ತಕರಾರು ಮಕ್ಕಳ ಮೇಲಲ್ಲ, ನಾವು ಕೊಡುವ ಶೀರ್ಷಿಕೆ ಮೇಲೆ. ಶೀರ್ಷಿಕೆ ‘ವೈ’ ಅಥವಾ ‘ಹೌ’ ಇಂದ ಶುರುವಾಗಲಿ. ‘ಹೌ’ ಬಂದಾಗ ಮಾತ್ರ ಒಂದು ಎಚ್ಚರ ಬೇಕು. ಪೇಡೆ ಹೆಂಗ ಮಾಡತಾರ ಅಂದರೆ ಹಾಲು ಕುದಿಸಿ, ಸಕ್ಕರೆ ಹಾಕಿ ಅಂತ ಆಜ್ಞೆಗಳ ಸಾಲು ಬರುತ್ತದೆ, ಅದು ವಿಧಾನ. ಧಾರವಾಡ ಪೇಡೆ ಯಾಕ ಕಂದು ಆಗತದ ಅಂದರೆ ಹಾಲಿನ ಪ್ರೋಟೀನು, ಸಕ್ಕರೆ ಕಾವಿಗೆ ಸಿಕ್ಕು ಏನಾಗುತ್ತವೆ ಅನ್ನೋದನ್ನು ಬರೀಬೇಕು. ಇದು ವಿವರಣೆ.

ನವಲಗುಂದ, ನರಗುಂದ, ರೋಣ ಕಡೆಯ ಮಕ್ಕಳಿಗೆ ಎರಿ ಹೊಲಕ್ಕಿಂತ, ಅಂದರೆ ಕಪ್ಪು ಮಣ್ಣಿನ ಹೊಲಕ್ಕಿಂತ, ಒಳ್ಳೆಯ ವಿಷಯ ಸಿಗಲಿಕ್ಕಿಲ್ಲ. ಇಂಗ್ಲಿಷ್ ಪುಸ್ತಕ ತೆಗೆಯೋ ಮೊದಲು ಬೋರ್ಡಿನ ಮೇಲೆ ಕನ್ನಡದಲ್ಲೇ ಸರಪಳಿ ಕಟ್ಟಿಸಿ. ಈ ಮಣ್ಣಿನಲ್ಲಿ ಜೇಡಿ ಬಹಳ. ಆ ಜೇಡಿ ತೆಳು ಪದರಗಳಿಂದ ಆಗಿದೆ. ಮಳೆ ನೀರು ಪದರಗಳ ನಡುವೆ ಹೊಗುತ್ತದೆ, ಪದರ ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರುತ್ತದೆ, ಪದರ ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಇಡೀ ಹೊಲ ಒಂದೇ ತುಂಡಾಗಿ ಒಳಗೆ ಸರಿಯಲಾರದ್ದರಿಂದ ಅಲ್ಲಲ್ಲಿ ಬಿರಿಯುತ್ತದೆ. ಒಂಬತ್ತು ಕೊಂಡಿ ಆದವು, ಎಂಟನೇ-ಒಂಬತ್ತನೇ ಕ್ಲಾಸಿಗೆ ಇಷ್ಟು ಬೇಕಾದಷ್ಟು. ಆ ಜೇಡಿಯಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಖನಿಜದ ಹೆಸರು ಹೇಳದಿದ್ದರೂ ನಡೆದೀತು. ಹೇಳಿದರೆ ಹುಡುಗರಿಗೆ ಖುಷಿ, ಸ್ಪೆಲಿಂಗ್ ಪರೀಕ್ಷೆ ಮಾತ್ರ ಬೇಡ.

ಕೊಂಡಿಯಿಂದ ಕೊಂಡಿಗೆ ಬಾಣ ಹಾಕಿಸಿ. ‘ಆಮೇಲೆ’ ಅನ್ನೋ ಬಾಣ ಬಿಳಿ ಚಾಕಪೀಸಿನಲ್ಲಿ, ‘ಅದಕ್ಕ’ ಅನ್ನೋ ಬಾಣ ಕೆಂಪಿನಲ್ಲಿ. ಬಿಳಿ ಬಾಣಕ್ಕೆ ‘ದೆನ್’, ‘ವೆನ್’, ‘ಆಫ್ಟರ್ ದಿಸ್’. ಕೆಂಪು ಬಾಣಕ್ಕೆ ‘ಸೋ’, ‘ಬಿಕಾಸ್’, ‘ಆಸ್ ಅ ರಿಸಲ್ಟ್’. ಕೆಂಪು ಬಾಣ ಒಂದೂ ಇಲ್ಲದಿದ್ದರೆ ಬರೀಲಿಕ್ಕೆ ಕೂಡಿಸಬೇಡಿ, ಸರಪಳಿಯೇ ಇನ್ನೂ ಆಗಿಲ್ಲ. ಸಾಲುಸಾಲಿಗೆ ‘ದೆನ್’ ತುಂಬಿದ ಪೇಪರುಗಳು ಹುಟ್ಟೋದು ಇಲ್ಲಿಂದಲೇ.

ಇಂಗ್ಲಿಷಿಗೆ ಇಳಿದಾಗ ತಪ್ಪುವ ಜಾಗ ನಾಲ್ಕೈದು, ಎಲ್ಲಾ ಸಾಲಿಯಲ್ಲೂ ಅವೇ. ‘ದ ಸಾಯಿಲ್ ಕ್ರ್ಯಾಕ್ಸ್. ಬಿಕಾಸ್ ಇಟ್ ಲೂಸಸ್ ವಾಟರ್.’ ನಮ್ಮ ಮಾತಿನಲ್ಲಿ ‘ಯಾಕಂದ್ರ’ ಹೊಸ ವಾಕ್ಯ ಹಿಡಿದು ನಿಲ್ಲುತ್ತದೆ, ಇಂಗ್ಲಿಷ್ ಬರಹದಲ್ಲಿ ಅದು ಅರ್ಧ ವಾಕ್ಯ. ನಡುವಿನ ಫುಲ್‌ಸ್ಟಾಪ್ ತೆಗೆಸಿದರೆ ಸರಿಹೋಯಿತು. ‘ಬಿಕಾಸ್’ ಇಂದ ಶುರು ಮಾಡಿ ನಡುವೆ ‘ಸೋ’ ಸೇರಿಸೋದು ಇನ್ನೊಂದು. ಎರಡರಲ್ಲಿ ಒಂದು ಸಾಕು. ‘ವಾಟರ್ ಈಸ್ ಎಂಟರಿಂಗ್’ ಅಂದರೆ ಈಗ ಕಣ್ಣೆದುರು ಹೊಗುತ್ತಿದೆ ಅಂತಾಯಿತು. ಪ್ರತಿ ವರ್ಷ ಆಗುವ ಕೆಲಸಕ್ಕೆ ‘ವಾಟರ್ ಎಂಟರ್ಸ್’, ಆ ಕೊನೆಯ ‘ಸ್’ ಬಿಡದೆ. ಆಮೇಲೆ ‘ಐ ಥಿಂಕ್’, ‘ಬ್ಯೂಟಿಫುಲ್’ ಇವಕ್ಕೆ ಇಲ್ಲಿ ಜಾಗವಿಲ್ಲ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಳಸಿದರೇ ಇದು ವಿವರಣೆ ಆಗುತ್ತದೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ. ಅದು ಬೇಕಾಗೋದು ಎಳೆ ಹಿಡಿಯಲಿಕ್ಕೆ. ಕಪ್ಪತಗುಡ್ಡದ ಕಡೆಯ ಗಾಳಿ ಗಿರಣಿ ನೋಡಿ. ‘ದ ವಿಂಡ್ ಪುಶಸ್ ದ ಬ್ಲೇಡ್ಸ್’ ಅಂತ ಮೊದಲ ವಾಕ್ಯ ಬ್ಲೇಡಿನಲ್ಲಿ ಮುಗಿಯಿತು. ಮುಂದಿನದು ಬ್ಲೇಡಿನಿಂದಲೇ ಏಳಬೇಕು: ‘ದ ಬ್ಲೇಡ್ಸ್ ಆರ್ ಜಾಯಿಂಡ್ ಟು ಅ ಶಾಫ್ಟ್’. ಅದರ ಮುಂದಿನದು ಶಾಫ್ಟಿನಿಂದ, ಹಿಂಗೇ ಜನರೇಟರ್‌ವರೆಗೆ. ಹಿಂದಿನ ವಾಕ್ಯದ ಬಾಲ ಮುಂದಿನದರ ತಲೆ ಆಗಬೇಕು ಅಂತ ಹೇಳಿಕೊಟ್ಟರೆ ಪ್ಯಾಸಿವ್ ತಾನಾಗಿ ಬರುತ್ತದೆ. ಇದೊಂದನ್ನು ಕಲಿಸಲಿಕ್ಕೆ ಎರಡು ಪೀರಿಯಡ್ ಹೋದರೂ ಹೋಗಲಿ.

ಆಕಾರ ಸರಳ. ಮೊದಲ ಒಂದೆರಡು ವಾಕ್ಯದಲ್ಲಿ ಏನಾಗುತ್ತದೆ ಅಂತ ಹೇಳೋದು, ನಡುವೆ ಆರೇಳು ವಾಕ್ಯದ ಸರಪಳಿ, ಕೊನೆಗೆ ಅದರ ಪರಿಣಾಮ. ಎರಿ ಹೊಲಕ್ಕಾದರೆ: ಬಿರುಕಿನೊಳಗೆ ಮೇಲಿನ ಮಣ್ಣು ಬೀಳುತ್ತದೆ, ಹೊಲ ತನ್ನಷ್ಟಕ್ಕೆ ಉತ್ತಂತಾಗುತ್ತದೆ. ಒಟ್ಟು ನೂರು-ನೂರಿಪ್ಪತ್ತು ಪದ. ‘ವಿ ಶುಡ್ ಸೇವ್ ಅವರ್ ಸಾಯಿಲ್’ ಅಂತ ಕೊನೆಗೆ ಅಂಟಿಸಿದ ನೀತಿವಾಕ್ಯಕ್ಕೆ ಗೆರೆ ಎಳೆಯಿರಿ. ಪ್ರಬಂಧದ ಚಾಳಿ ಅದು.

ತಿದ್ದುವ ಮೊದಲು ಒಂದು ಕೆಲಸ. ಬರೆದದ್ದನ್ನು ವಾಕ್ಯವಾಕ್ಯವಾಗಿ ಕತ್ತರಿಸಿ, ಚೀಟಿ ಕಲಸಿ, ಪಕ್ಕದ ಬೆಂಚಿಗೆ ಕೊಡಲಿ. ಅವರು ಸರಿಯಾಗಿ ಜೋಡಿಸಿದರೆ ಬರಹ ಗಟ್ಟಿ. ಯಾವ ಚೀಟಿ ಎರಡು ಕಡೆ ಕೂಡುತ್ತದೋ ಅದರ ಹಿಂದಿನ ವಾಕ್ಯದಲ್ಲಿ ಕೊಂಡಿ ಬಿಟ್ಟಿದೆ. ಸ್ಪೆಲಿಂಗಿಗೆ ಕೆಂಪು ಪೆನ್ನು ತೆಗೆಯೋದು ಆ ಕೊಂಡಿ ಬರೆಸಿದ ಮೇಲೆ, ಅಕ್ಕೋರೆ, ಸರ್.